ನೀರು ಇಳಿಸಿದ ಮೇಲೆ ಟೊಮೆಟೊಗೆ ರುಚಿ ಬಂತು

ಮೊದಲ ಎರಡು ವರ್ಷ ನಾನು ಟೊಮೆಟೊ ಬೆಳೆದದ್ದು ಬರೀ ತೂಕಕ್ಕೆ. ಗಿಡ ಸೊರಗಿದ ಹಾಗೆ ಕಂಡರೆ ಯೂರಿಯಾ, ಮಣ್ಣು ಒಣಗಿದರೆ ನೀರು. ಗಿಡ ಕಡು ಹಸಿರಾಗಿ ಸೊಂಟದವರೆಗೂ ಬಂತು. ಚಿಗುರಿನ ತುಂಬಾ ಸಸ್ಯಹೇನು. ಯೂರಿಯಾದಲ್ಲಿರುವ ಸಾರಜನಕ ಜಾಸ್ತಿಯಾದರೆ ಎಲೆ ಮೆತ್ತಗಾಗುತ್ತದೆ, ರಸ ಹೀರುವ ಕೀಟಕ್ಕೆ ಅದೇ ಬೇಕು. ಅದಕ್ಕೆ ಮತ್ತೆ ಔಷಧಿ ಹೊಡೆದೆ. ಹಣ್ಣೇನೋ ದಪ್ಪ ಬಂತು. ಆದರೆ ಮನೆಯಲ್ಲಿ ಹೆಚ್ಚಿದಾಗ ಹಲಗೆ ತುಂಬಾ ನೀರು. ಮಗಳು ಒಂದು ಹೋಳು ಬಾಯಿಗಿಟ್ಟು ಉಳಿದದ್ದನ್ನು ಪಕ್ಕಕ್ಕೆ ಸರಿಸಿದಳು. ಬೆಳೆದವರಿಗೆ ಸಂಕಟ ಆಗುತ್ತೆ ಅಲ್ವಾ?

ಮುಂದಿನ ಬೆಳೆಗೆ ಯೂರಿಯಾ ಅರ್ಧಕ್ಕೆ ಇಳಿಸಿದೆ. ನಾಟಿಗೆ ಮುಂಚೆ ಚೆನ್ನಾಗಿ ಕಳಿತ ಗೊಬ್ಬರ ಹಾಕಿದೆ. ನೀರಿನಲ್ಲಿ ಮಾತ್ರ ಎಡವಿದೆ. ಕಾಯಿ ಕಟ್ಟುವಾಗಲೇ ನಿಲ್ಲಿಸಿ, ಆಮೇಲೆ ಗಾಬರಿಯಾಗಿ ತುಂಬಾ ಬಿಟ್ಟೆ. ಮೊದಲ ಗೊಂಚಲಿನ ಕಾಯಿಗಳ ತಳ ಕಪ್ಪಾಗಿ, ಒಣ ಚರ್ಮದ ಹಾಗೆ ಒಳಕ್ಕೆ ಕುಸಿಯಿತು. ರೋಗ ಅಂದುಕೊಂಡೆ. ಅದು ಕಾಯಿಗೆ ಕ್ಯಾಲ್ಸಿಯಂ ಸಿಗದೆ ಆಗುವ ತೊಂದರೆ. ಮಣ್ಣಲ್ಲಿ ಎಷ್ಟೇ ಇರಲಿ, ಕ್ಯಾಲ್ಸಿಯಂ ನೀರಿನ ಜೊತೆಗೇ ಮೇಲೇರಬೇಕು. ನೀರು ಏರುಪೇರಾದರೆ ಕಾಯಿಯ ತುದಿ ಮುಟ್ಟುವುದಿಲ್ಲ.

ಈಗ ಕಾಯಿ ಬಲಿಯುವ ತನಕ ಒಂದೇ ಸಮನೆ ಡ್ರಿಪ್ ನೀರು, ಬುಡಕ್ಕೆ ಒಣ ಹುಲ್ಲಿನ ಹೊದಿಕೆ. ಬಣ್ಣ ತಿರುಗಿದ ಮೇಲೆ ನಿಧಾನಕ್ಕೆ ನೀರು ಇಳಿಸುತ್ತೇನೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡುತ್ತೇನೆ. ತುದಿಗೆ ತಣ್ಣಗೆ ತಾಗಿದರೆ ಆ ದಿನ ನೀರಿಲ್ಲ. ಹಣ್ಣು ಸಣ್ಣದಾಗುತ್ತದೆ, ತೂಕವೂ ಕಡಿಮೆ. ಆದರೆ ಸಿಹಿ, ಹುಳಿ ಎರಡೂ ಗಟ್ಟಿಯಾಗಿ ನಿಲ್ಲುತ್ತವೆ.

ಕೊಯ್ಯುವ ಹೊತ್ತೂ ಅಷ್ಟೇ ಮುಖ್ಯ. ಹಸಿರಿದ್ದಾಗಲೇ ಕಿತ್ತು, ಕಾಯಿ ಹಣ್ಣಾಗಿಸುವ ಎಥಿಲೀನ್ ಅನಿಲ ಕೊಟ್ಟರೂ ಟೊಮೆಟೊ ಕೆಂಪಾಗುತ್ತದೆ. ಆದರೆ ತೊಟ್ಟು ಕಳಚಿದ ಮೇಲೆ ಗಿಡದಿಂದ ಸಕ್ಕರೆ ಬರುವುದು ನಿಂತಿತು. ಹಾಗಾಗಿ ಮುಕ್ಕಾಲು ಕೆಂಪಾದ ಮೇಲೇ ಕೀಳುತ್ತೇನೆ. ಫ್ರಿಜ್ಜಿಗೆ ಇಡಬೇಡಿ ಅಂತ ಕೊಂಡವರಿಗೆಲ್ಲ ಹೇಳುತ್ತೇನೆ, ಅಷ್ಟು ತಂಪಿಗೆ ಪರಿಮಳ ಹೋಗಿಬಿಡುತ್ತದೆ.

 

ಹಣ್ಣಿನ ಕಾಲಕ್ಕೆ ಜೋರು ಮಳೆ ಬಂದರೆ ಮಾತ್ರ ಕಷ್ಟ. ಒಣಗಿದ ಗಿಡ ಒಮ್ಮೆಲೇ ನೀರು ಎಳೆದು, ತೊಟ್ಟಿನ ಸುತ್ತ ಸಿಪ್ಪೆ ಬಿರಿಯುತ್ತದೆ. ಬಿರಿದವು ಅದೇ ದಿನ ನಮ್ಮ ಅಡುಗೆಮನೆಗೆ. ಮಗಳು ಅವನ್ನು ಹೆಚ್ಚುವ ಮೊದಲೇ ತಿನ್ನುತ್ತಾಳೆ.