ಗಂಟೆ ಬಿಡಿ, ವಾರ ಹಿಡಿಯಿರಿ

ಹೊಸ ಡೈರಿ ತಂದವರು ಮೊದಲು ಬರೆಯುವುದೇ ಇದನ್ನು: 5ಕ್ಕೆ ಏಳುವುದು, 5.30ಕ್ಕೆ ವಾಕಿಂಗ್, 6ಕ್ಕೆ ಓದು. ಮಂಗಳವಾರ 5.30ಕ್ಕೇ ನಳಕ್ಕೆ ನೀರು ಬಿಡುತ್ತಾರೆ. ಕೊಡ ಹಿಡಿದು ನಿಂತರೆ ಅಲ್ಲಿಗೆ ಪ್ಲಾನ್ ಮುಗಿಯಿತು. ಬುಧವಾರದಿಂದ ಡೈರಿ ಹಾಲಿನ ಲೆಕ್ಕಕ್ಕೆ. ರಾಯಚೂರಿನಲ್ಲಿ ಇದು ಎಷ್ಟು ಮನೆಯ ಕಥೆಯೋ!

ಡೈರಿ ಬೇಡ. ಗಂಟೆಗೊಂದು ಗೆರೆ ಹೊಡೆದ ದುಬಾರಿ ಪ್ಲಾನರ್ ಅಂತೂ ಬೇಡವೇ ಬೇಡ. ಮಕ್ಕಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ, ಒಂದು ಪೆನ್ಸಿಲ್ ಸಾಕು.

ಭಾನುವಾರ ಸಂಜೆ ವಾರದ ಕೆಲಸವೆಲ್ಲ ಬರೆಯಿರಿ. ನೀರಿನ ಸರದಿ, ಮದುವೆ, ಸಾಲದ ಕಂತು, ಇಂಥವಕ್ಕೆ ಮಾತ್ರ ದಿನ ಹಾಕಿ. ಉಳಿದವಕ್ಕೆ ಬಿಸಿಲೇರುವ ಮುಂಚೆ, ಮನೆಯೊಳಗೆ, ಹೊತ್ತು ಮುಳುಗಿದ ಮೇಲೆ ಅಂತ ಬರೆದರಾಯಿತು. ಏಪ್ರಿಲ್, ಮೇ ಬಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಸಾಮಾನ್ಯವಾಗಿ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಸರ್ಕಾರವೇ ಬಿಸಿಲಿಗೆ ತಗ್ಗುವಾಗ ನಮ್ಮದೇನು ಹಟ?

ದಿನಕ್ಕೆ ಮೂರೇ ಕೆಲಸ ಆರಿಸಿ. ಬೆಳಿಗ್ಗೆ ಚಹಾ ಕುಡಿಯುತ್ತಾ ಆರಿಸಿ, ಹಿಂದಿನ ರಾತ್ರಿ ಅಲ್ಲ. ಕರೆಂಟ್ ಇದೆಯೋ ಇಲ್ಲವೋ ಗೊತ್ತಾಗುವುದೇ ಆಗ.

ಮಂದಿ ಎಡವುವುದು ಉಳಿದ ಕೆಲಸದ ವಿಷಯದಲ್ಲಿ. ಇವತ್ತಿನದನ್ನು ನಾಳೆಗೆ, ನಾಳೆಯದನ್ನು ನಾಡಿದ್ದಿಗೆ ತಳ್ಳುತ್ತಾ ಹೋಗುತ್ತಾರೆ. ಶುಕ್ರವಾರದ ಪಟ್ಟಿ ನೋಡಿದರೇ ಜ್ವರ ಬರುತ್ತದೆ. ಹಾಗೆ ತಳ್ಳಬೇಡಿ. ಆ ಸಾಲು ಇದ್ದಲ್ಲೇ ಇರಲಿ, ಪಕ್ಕಕ್ಕೊಂದು ಚುಕ್ಕಿ ಇಡಿ. ಮೂರು ಚುಕ್ಕಿ ಬಿದ್ದರೆ 'ನಾನೇ ಸೋಮಾರಿ' ಅಂತ ಸುಮ್ನೆ ಬೈದುಕೊಳ್ಳಬೇಡಿ, ಬರೆದ ಸಾಲನ್ನು ಇನ್ನೊಮ್ಮೆ ಓದಿ. 'ಮಗಳ ಆದಾಯ ಪ್ರಮಾಣಪತ್ರ ಮಾಡಿಸಬೇಕು' ಅಂತಿದೆ, ಅಲ್ವಾ? ಅದು ಒಂದು ಕೆಲಸವೇ ಅಲ್ಲ. ರೇಷನ್ ಕಾರ್ಡ್, ಆಧಾರ್ ಹುಡುಕಬೇಕು. ಜೆರಾಕ್ಸ್ ತೆಗೆಸಬೇಕು. ನಾಡಕಚೇರಿಗೆ ಹೋಗಿ ಅರ್ಜಿ ಕೊಡಬೇಕು. ನಾಡಕಚೇರಿಗೆ ಅರ್ಧ ದಿನ ಬೇಕು, ಕಾರ್ಡ್ ಹುಡುಕಲು ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಸಾಕು. ಹಳೇ ಸಾಲು ಅಳಿಸಿ 'ಅಲಮಾರಿಯಲ್ಲಿ ರೇಷನ್ ಕಾರ್ಡ್ ನೋಡು' ಅಂತ ಬರೆಯಿರಿ. ಪೆನ್ಸಿಲ್ ಇರಲಿ ಅಂದಿದ್ದು ಇದಕ್ಕೇ.

ಹೀಗೆ ಚೂರು ಮಾಡಿದರೂ ಕದಲದಿದ್ದರೆ ಮನೆಯಲ್ಲಿ ಬೇರೆಯವರಿಗೆ ವಹಿಸಿ. ಅವರೂ ಒಲ್ಲೆ ಅಂದರೆ ಆ ಸಾಲನ್ನೇ ಹೊಡೆದು ಹಾಕಿ. ವರ್ಷಗಟ್ಟಲೆ ಪಟ್ಟಿಯಲ್ಲೇ ಕೂತ 'ಗಿಟಾರ್ ಕಲಿಯಬೇಕು' ಹೋದರೆ ಹೋಗಲಿ.

ಗಂಟೆಗೊಮ್ಮೆ ಟಣ್ ಅನ್ನುವ ಆ್ಯಪ್ ಇದ್ದರೆ ಅದರ ಬಾಯಿ ಮುಚ್ಚಿಸಿ. ಔಷಧಿಯ ಅಲಾರಂ ಒಂದು ಇದ್ದರೆ ಸಾಕು.

ವಾರದಲ್ಲಿ ಒಂದು ದಿನ ಖಾಲಿ ಬಿಡಲೇಬೇಕು, ಉಳಿದದ್ದು ಅಲ್ಲಿಗೆ ಹೋಗಲಿ. ನಾನು ಬಿಡುವುದು ಗುರುವಾರ. ಭಾನುವಾರ ಬಿಟ್ಟರೆ ಬೀಗರು ಬಂದೇ ಬರುತ್ತಾರೆ.