ರೊಟ್ಟಿ ಮುರಿದರೆ ಜಾಸ್ತಿ ಆಗುತ್ತಾ? ಮಗುವನ್ನೇ ಕೇಳಿ

ನಾಲ್ಕು ವರ್ಷದ ಮಗುವಿನ ಮುಂದೆ ಒಂದೇ ಅಳತೆಯ ಎರಡು ಜೋಳದ ರೊಟ್ಟಿ ಇಡಿ. ಎರಡೂ ಒಂದೇ ಅಂತ ಅದೇ ಒಪ್ಪಲಿ. ಆಮೇಲೆ ಒಂದನ್ನು ನಾಲ್ಕು ಚೂರು ಮಾಡಿ, ಯಾವುದು ಜಾಸ್ತಿ ಅಂತ ಕೇಳಿ. ಚೂರುಗಳ ಕಡೆಗೆ ಕೈ ತೋರಿಸಬಹುದು. ದಡ್ಡತನ ಅಲ್ಲ ಇದು. ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಹೇಳಿದ್ದು ಇದನ್ನೇ: 2ರಿಂದ 7 ವರ್ಷದ ಮಕ್ಕಳು ಕಣ್ಣಿಗೆ ಎದ್ದು ಕಾಣುವ ಒಂದೇ ಸಂಗತಿ ಹಿಡಿದು ಉತ್ತರ ಕೊಡುತ್ತಾರೆ, ಚೂರುಗಳನ್ನು ಮತ್ತೆ ಜೋಡಿಸಿದರೆ ಅದೇ ರೊಟ್ಟಿ ಅಲ್ವಾ ಅನ್ನೋದು ಅವರಿಗೆ ಹೊಳೆಯಲ್ಲ.

ತಿದ್ದಲು ಹೋಗಬೇಡಿ. "ಯಾಕ ಹಂಗ ಅನಸ್ತು?" ಅಂತ ಕೇಳಿ ಸುಮ್ನೆ ಕಾಯಿರಿ. ಕಲಬುರಗಿಯ ಮನೆಗಳಲ್ಲಿ ತೊಗರಿಬೇಳೆಗೆ ಬರವಿಲ್ಲ, ಒಂದಿಷ್ಟು ಕೊಟ್ಟು ಅಗಲ ಬಟ್ಟಲಿನಿಂದ ಎತ್ತರದ ಲೋಟಕ್ಕೆ ಸುರಿದು, ಬೇಳೆ ಜಾಸ್ತಿ ಆಯ್ತಾ ಅಂತ ತಾನೇ ನೋಡಲು ಬಿಡಿ (ಮೂಗಿಗೆ ಹಾಕಿಕೊಳ್ಳದಂತೆ ಪಕ್ಕದಲ್ಲೇ ಕೂತಿರಿ). ಎಣಿಸುವ ಪಾಠ ಆಮೇಲೆ.