ತೂಗಿ ನೋಡಿ ಕೊಂಡ ನಾಣ್ಯಗಳು

ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ನಮ್ಮೂರಿನ ಬೀದಿಯಲ್ಲಿ ಸಿಗದ ವಸ್ತುವಿಲ್ಲ. 2013ರಲ್ಲಿ ಅಂಥದೊಂದು ಸಂಜೆ ದರ್ಶನ ಮುಗಿಸಿ ಬರುತ್ತಿದ್ದೆ. ನೆಲಕ್ಕೆ ಹಾಸಿದ ಕೆಂಪು ಬಟ್ಟೆಯ ಮೇಲೆ ನಾಣ್ಯ ಹರಡಿಕೊಂಡು ಒಬ್ಬರು ಕುಳಿತಿದ್ದರು. ಎಂಟುನೂರು ರೂಪಾಯಿ ಕೊಟ್ಟು ಒಂದನ್ನು ತಂದೆ. ಒಂದು ಬದಿಯಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಬದಿಯಲ್ಲಿ ಇಂಗ್ಲಿಷ್ ಅಕ್ಷರಗಳು: ಈಸ್ಟ್ ಇಂಡಿಯಾ ಕಂಪನಿ, ಯುಕೆಎಲ್ ಒನ್ ಆನಾ, 1818. ಇನ್ನೂರು ವರ್ಷದ ವಸ್ತು ಕೈಯಲ್ಲಿದೆ ಎಂಬ ಸಂಭ್ರಮಕ್ಕೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುವಾರ ಚಿನ್ನ ಬೆಳ್ಳಿ ಕೆಲಸದ ಹಿರಿಯರೊಬ್ಬರು ಅದನ್ನು ಅಂಗೈಯಲ್ಲಿ ಒಮ್ಮೆ ತಿರುಗಿಸಿ, "ಮೇಷ್ಟ್ರೇ, ಇದು ಎರಕ. ಅಂಚು ನೋಡಿ" ಎಂದರು. ಅಂಚಿನ ಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆ. ಎರಕದ ಎರಡು ಹೋಳು ಕೂಡಿದ ಜಾಗ. ಕಂಪನಿಯು ರಾಮಪರಿವಾರದ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ ಎಂಬುದನ್ನು ಆಮೇಲೆ ಓದಿ ತಿಳಿದೆ. ಅದು ಹೊರಡಿಸಿದ ಕಾಲಾಣೆ ಹೇಗಿತ್ತೆಂದು ನೋಡಬೇಕಾದರೆ 1835ರದೊಂದನ್ನು ಹಿಡಿದು ನೋಡಬೇಕು: ಒಂದು ಕಡೆ ಕಂಪನಿಯ ಲಾಂಛನ, ಇನ್ನೊಂದು ಕಡೆ ಎಲೆಗಳ ಹಾರ, ತೂಕ ಸುಮಾರು ಆರೂವರೆ ಗ್ರಾಂ. ನಾನು ಕೊಂಡದ್ದರ ಜಾತಿಯ ಬಿಲ್ಲೆಗಳು ಇವತ್ತಿಗೂ ಜಾತ್ರೆಗಳಲ್ಲಿ ಮಾರಾಟವಾಗುತ್ತಿವೆ. ಅಕ್ಕಿಯನ್ನು ಸೆಳೆಯುತ್ತದೆ, ಕೋಟಿ ಬೆಲೆ ಬಾಳುತ್ತದೆ ಎಂದು ನಂಬಿಸಿ ಸಂಸಾರಗಳನ್ನೇ ಮುಳುಗಿಸುವ 'ರೈಸ್ ಪುಲ್ಲರ್' ವಂಚನೆಗೂ ಇಂಥವೇ ಬಂಡವಾಳ. ಇದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಅದಾದ ಮೇಲೆ ಒಂದು ವರ್ಷ ಏನನ್ನೂ ಕೊಳ್ಳಲಿಲ್ಲ. ಬರೀ ನೋಡಿದೆ, ಓದಿದೆ. ನಮ್ಮ ಅಜ್ಜಿಯ ಕುಂಕುಮದ ಡಬ್ಬಿಯಲ್ಲಿ ಒಂದು ದಪ್ಪ ತಾಮ್ರದ ಕಾಸಿತ್ತು. ಸಿಂಹದ ಚಿತ್ರ, ಅದರ ಜೊತೆ 'ಮಯಿಲಿ ಕಾಸು ೨೦' ಎಂಬ ಕನ್ನಡ ಬರಹ, ಇಂಗ್ಲಿಷಿನಲ್ಲೂ ಅದೇ ಬೆಲೆ, ಹಿಂಬದಿಯಲ್ಲಿ ಪರ್ಷಿಯನ್ ಅಕ್ಷರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಕನ್ನಡ ಪಾಠ ಹೇಳುವ ನನಗೆ ಒಂದೇ ಕಾಸಿನಲ್ಲಿ ಮೂರು ಲಿಪಿ ಕಂಡದ್ದು ದೊಡ್ಡ ಪಾಠವಾಯಿತು. ಎಲ್ಲ ದೇಶದ ಎಲ್ಲ ನಾಣ್ಯದ ಹಿಂದೆ ಓಡಬಾರದು, ಮೈಸೂರು ಸಂಸ್ಥಾನದ ತಾಮ್ರವೊಂದನ್ನೇ ಹಿಡಿಯಬೇಕು ಎಂದು ಆಗಲೇ ನಿರ್ಧರಿಸಿದೆ. ಹೊಸಬರಿಗೆ ನಾನು ಹೇಳುವುದೂ ಅದನ್ನೇ. ಕಡಿಮೆ ಬೆಲೆಯ, ಧಾರಾಳವಾಗಿ ಸಿಗುವ, ನಮ್ಮದೇ ಸೀಮೆಯ ನಾಣ್ಯದಿಂದ ಕೈ ಪಳಗಲಿ. ಅಗ್ಗದ ನಾಣ್ಯಕ್ಕೂ ನಕಲಿ ಇರುತ್ತದೆ, ಆದರೆ ಎಡವಿದರೆ ಆಗುವ ನಷ್ಟ ಸಣ್ಣದು.

ನಾನು ಕೊಂಡ ಮೊದಲ ಅಸಲಿ ನಾಣ್ಯ ಟಿಪ್ಪುವಿನ ಪೈಸೆ. ಬೆಂಗಳೂರಿನಲ್ಲಿ ಕನ್ನಡನಾಡು ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸುವ ನಾಣ್ಯದರ್ಶಿನಿಗೆ ಬೆಳಗಿನ ರೈಲಿನಲ್ಲಿ ಹೋಗಿದ್ದೆ. ಜೇಬಿನಲ್ಲಿ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಚೀಲದಲ್ಲಿ ಅಕ್ಕಸಾಲಿಗರು ಬಳಸುವಂಥ ಪುಟ್ಟ ತೂಕದ ಯಂತ್ರ. ಮೊದಲ ಸುತ್ತಿನಲ್ಲಿ ಏನನ್ನೂ ಮುಟ್ಟದೆ ಎಲ್ಲ ಮಳಿಗೆಗಳನ್ನೂ ನೋಡಿದೆ. ಎರಡನೆಯ ಸುತ್ತಿನಲ್ಲಿ ಒಬ್ಬ ವ್ಯಾಪಾರಿಯ ಮುಂದೆ ಕುಳಿತೆ.

ಅವರು ಕೊಟ್ಟ ಪೈಸೆಯನ್ನು ಗಾಜಿನಡಿ ಹಿಡಿದೆ. ಎಡಕ್ಕೆ ಮುಖ ಮಾಡಿ ನಿಂತ ಆನೆ. ಸೊಂಡಿಲಿನ ತುದಿ ಸವೆದಿದ್ದರೂ ಬಾಲದ ಕುಚ್ಚು ಉಳಿದಿತ್ತು. ಸುತ್ತ ಚುಕ್ಕೆಗಳ ಬಳೆ, ಒಂದು ಪಕ್ಕದಲ್ಲಿ ಅರ್ಧಕ್ಕೆ ನಾಣ್ಯದಿಂದಲೇ ಹೊರಗೆ ಜಾರಿತ್ತು. ಕೈಯಿಂದ ಸುತ್ತಿಗೆ ಬಡಿದು ಅಚ್ಚೊತ್ತಿದಾಗ ಆಗುವುದೇ ಹಾಗೆ. ಅಂಚಿನಲ್ಲಿ ಲೋಹ ಒತ್ತಡಕ್ಕೆ ಹರಡಿ ಬಿರಿದ ಸಣ್ಣ ಬಿರುಕು. ಎರಕದ ನಕಲಿಯಲ್ಲಿ ಅಕ್ಷರದ ಬುಡ ಸೋಪಿನ ಹಾಗೆ ದುಂಡಗಿರುತ್ತದೆ, ಮೈಮೇಲೆ ಸೂಜಿ ಚುಚ್ಚಿದಂಥ ಗುಳಿಗಳಿರುತ್ತವೆ. ಇಲ್ಲಿ ಅಕ್ಷರದ ಬುಡ ಚೂಪಾಗಿತ್ತು, ಗುಳಿಗಳಿರಲಿಲ್ಲ. ಹಿಂಬದಿಯಲ್ಲಿ ಪಟ್ಟಣ, ಅಂದರೆ ಶ್ರೀರಂಗಪಟ್ಟಣದ ಟಂಕಸಾಲೆಯ ಹೆಸರು. ತೂಗಿದೆ: 11.2 ಗ್ರಾಂ. ಟಿಪ್ಪುವಿನ ಪೈಸೆ ಹನ್ನೊಂದರ ಆಸುಪಾಸಿನಲ್ಲಿರಬೇಕು ಎಂದು ಓದಿದ್ದೆ.

ಇಸವಿ ಮಾತ್ರ ತಲೆಗೆ ಹತ್ತಲಿಲ್ಲ. ಎಷ್ಟು ಓದಿದರೂ 4221 ಎಂದೇ ಕಾಣುತ್ತಿತ್ತು. ವ್ಯಾಪಾರಿ ನನ್ನ ಪರದಾಟ ನೋಡಿ, "ಬಲದಿಂದ ಎಡಕ್ಕೆ ಓದಿ" ಎಂದರು. 1224. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅವನು ಪೈಸೆಗೆ ಜೋಹ್ರಾ, ಅಂದರೆ ಶುಕ್ರಗ್ರಹ ಎಂದು ಹೆಸರಿಟ್ಟಿದ್ದನ್ನೂ ಆ ವ್ಯಾಪಾರಿಯೇ ಹೇಳಿದರು.

ಆಗ ನಾನು ಅವರನ್ನು ಕೇಳಿದ ಪ್ರಶ್ನೆಯನ್ನು ಅಂದಿನಿಂದ ಎಲ್ಲ ವ್ಯಾಪಾರಿಗಳನ್ನೂ ಕೇಳುತ್ತಾ ಬಂದಿದ್ದೇನೆ. "ಆರು ತಿಂಗಳ ನಂತರ ಇದನ್ನು ನಿಮಗೇ ತಂದರೆ ಎಷ್ಟಕ್ಕೆ ವಾಪಸ್ ಕೊಳ್ಳುತ್ತೀರಿ?" ಅವರು ಸ್ವಲ್ಪವೂ ಬೇಸರಿಸದೆ, "ಮುಕ್ಕಾಲು ಬೆಲೆಗೆ. ನಕಲಿ ಎಂದು ತಿಳಿದವರು ಯಾರಾದರೂ ಹೇಳಿದರೆ ಪೂರ್ತಿ ಹಣಕ್ಕೆ, ಯಾವಾಗ ಬೇಕಾದರೂ" ಎಂದು ಹೇಳಿ, ಅದನ್ನೇ ಬಿಲ್ಲಿನ ಮೇಲೆ ಬರೆದುಕೊಟ್ಟರು. ಇದೇ ಪ್ರಶ್ನೆಗೆ ಬೇರೆ ಮಳಿಗೆಯವರೊಬ್ಬರು ನಾಣ್ಯವನ್ನು ನನ್ನ ಕೈಯಿಂದ ಕಿತ್ತುಕೊಂಡದ್ದೂ ಉಂಟು. ಎರಡೂ ಉತ್ತರಗಳಿಂದ ನನಗೆ ಬೇಕಾದದ್ದು ತಿಳಿಯಿತು.

ನಂಬಿಕಸ್ಥರನ್ನು ಹುಡುಕುವುದೆಂದರೆ ಹೆಚ್ಚು ಕಡಿಮೆ ಇಷ್ಟೇ. ತೂಗಿ ನೋಡಲು ಬಿಡುತ್ತಾರೆಯೇ, ಬಿಲ್ಲಿನಲ್ಲಿ ರಾಜ, ಲೋಹ, ತೂಕ ಬರೆಯುತ್ತಾರೆಯೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾರೆಯೇ. ಜೊತೆಗೆ ಪರವಾನಗಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತುವೇ. ಅದರ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಪರವಾನಗಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಇರುವವರು ಹೆಮ್ಮೆಯಿಂದಲೇ ತೋರಿಸುತ್ತಾರೆ. ಬೆಲೆಯ ಅಂದಾಜಿಗೆ ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ತೋಡಿವಾಲಾ ಮುಂತಾದ ಹರಾಜು ಸಂಸ್ಥೆಗಳ ಹಳೆಯ ಪಟ್ಟಿಗಳನ್ನು ನೋಡುತ್ತೇನೆ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಶುಲ್ಕವೂ ತೆರಿಗೆಯೂ ಸೇರುತ್ತವೆ ಎಂಬುದನ್ನು ಮರೆಯಬಾರದು. ಮೊಬೈಲಿನಲ್ಲಿ 'ನಿಮ್ಮ ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ' ಎಂದು ಬರುವ ಸಂದೇಶಗಳಿಗೆ ಉತ್ತರವನ್ನೇ ಕೊಡಬೇಡಿ. ತನ್ನ ಹೆಸರು ಹೇಳಿಕೊಂಡು ಹೀಗೆ ಹಣ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಬಲೆ ಇದೆ. "ಹಳೇಬೀಡಿನ ಹೊಲದಲ್ಲಿ ಮೊನ್ನೆ ಸಿಕ್ಕಿದ್ದು, ಯಾರಿಗೂ ಹೇಳಬೇಡಿ" ಎಂದು ಕಿವಿಯಲ್ಲಿ ಹೇಳುತ್ತಾರೆ. ಹೊಯ್ಸಳರ ಚಿನ್ನದ ಮೇಲೆ ನನಗಿರುವ ಆಸೆ ಸಣ್ಣದಲ್ಲ. ಒಂದು ಬದಿಯಲ್ಲಿ ಸಿಂಹ, ಇನ್ನೊಂದು ಬದಿಯಲ್ಲಿ ಹಳಗನ್ನಡದ ಅಕ್ಷರಗಳಲ್ಲಿ 'ಶ್ರೀ ತಳಕಾಡುಗೊಂಡ'. ಚೋಳರಿಂದ ತಲಕಾಡನ್ನು ಗೆದ್ದ ವಿಷ್ಣುವರ್ಧನ, 1117ರಲ್ಲಿ ಬೇಲೂರಿನ ಗುಡಿ ಕಟ್ಟಿಸಿದವನು, ತನ್ನ ಗೆಲುವನ್ನು ಕನ್ನಡದಲ್ಲೇ ಚಿನ್ನಕ್ಕೆ ಒತ್ತಿಸಿದ. ಅದನ್ನು ಪ್ರದರ್ಶನದ ಗಾಜಿನ ಆಚೆ ಮೊದಲ ಸಲ ಕಂಡಾಗ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದೆ. ಕಣ್ಣು ತುಂಬಿ ಬಂತು. ಆದರೂ ಕಿವಿಮಾತಿನ ಚಿನ್ನವನ್ನು ನಾನು ಮುಟ್ಟುವುದಿಲ್ಲ. ಆ ಮಾತು ಸುಳ್ಳಾದರೆ ಚಿನ್ನವೂ ನಕಲಿ. ನಿಜವಾದರೆ ಅದು ಕಳವು. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ಯಾವ ಮಣ್ಣಿನಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದು ಅಳಿಸಿಹೋದರೆ ಇತಿಹಾಸ ಬರೆಯುವವರಿಗೆ ಆ ನಾಣ್ಯದಿಂದ ಸಿಗುವುದು ಅರ್ಧವೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ಸಿಕ್ಕಿತೆಂದು ಗೊತ್ತಿರುವುದರಿಂದಲೇ ನಮ್ಮ ಒಳನಾಡಿಗೂ ದೂರದ ಕಡಲಿಗೂ ಇದ್ದ ವ್ಯಾಪಾರದ ಮಾತು ಆಡಲು ಸಾಧ್ಯವಾಗಿದೆ.

ತಂದ ಮೇಲೆ ತೊಳೆಯಬೇಡಿ. ಹುಣಸೆಹಣ್ಣು, ನಿಂಬೆ, ಪೀತಾಂಬರಿ ಯಾವುದೂ ಬೇಡ. ಶತಮಾನಗಳ ಕಂದುಬಣ್ಣ ಒಂದು ನಿಮಿಷದಲ್ಲಿ ಹೋಗುತ್ತದೆ, ಅದರೊಡನೆ ಬೆಲೆಯೂ ಹೋಗುತ್ತದೆ. ಮಳೆಗಾಲದ ತೇವ ನಮ್ಮ ಕಡೆ ದೊಡ್ಡ ಶತ್ರು. ಮೆತ್ತನೆಯ ಪಿವಿಸಿ ಕವರಿನಲ್ಲಿಟ್ಟಿದ್ದ ಎರಡು ಕಾಸುಗಳಿಗೆ ಅಂಟಂಟಾದ ಹಸಿರು ಹತ್ತಿತು. ಅಂದಿನಿಂದ ಕಾಗದದ ಚೌಕಟ್ಟು, ಬಿಗಿ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಜೂನ್ ಬರುವ ಮುಂಚೆ ಪೊಟ್ಟಣ ಬದಲಿಸುತ್ತೇನೆ.

ಎಲ್ಲಕ್ಕಿಂತ ನಾನು ಜೋಪಾನ ಮಾಡುವುದು ಒಂದು ಉದ್ದ ನೋಟ್ ಪುಸ್ತಕವನ್ನು. ಪ್ರತಿ ನಾಣ್ಯಕ್ಕೂ ಒಂದು ಪುಟ: ಪೆನ್ಸಿಲ್ ಚಿತ್ರ, ತೂಕ, ಅಗಲ, ಕೊಂಡ ದಿನ, ಕೊಂಡ ಬೆಲೆ, ಯಾರಿಂದ.

ಕಳೆದ ವರ್ಷ ಹಳೇಬೀಡಿನ ಹತ್ತಿರದ ಹಳ್ಳಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಶುಂಠಿ ಹೊಲ ಉಳುವಾಗ ಸಿಕ್ಕ ಮೂರು ಸಣ್ಣ ತಾಮ್ರದ ನಾಣ್ಯಗಳನ್ನು ಪತ್ರಿಕೆಯ ಚೂರಿನಲ್ಲಿ ಸುತ್ತಿ ತಂದಿದ್ದ. "ನೀವೇ ಇಟ್ಟುಕೊಳ್ಳಿ ಸಾರ್" ಎಂದ. ಎರಡು ಪೂರ್ತಿ ಸವೆದಿದ್ದವು. ಮೂರನೆಯದರಲ್ಲಿ ಆನೆ ಸ್ಪಷ್ಟವಾಗಿತ್ತು. ಹಿಂಬದಿಯ ನಾಗರಿ ಬರಹದಲ್ಲಿ 'ರಾಯ' ಎನ್ನುವಷ್ಟು ಓದಬಹುದಿತ್ತು. ವಿಜಯನಗರದ ದೇವರಾಯರ ಕಾಲದ್ದಿರಬೇಕು. ಅರ್ಧ ಗಂಟೆ ಮೇಜಿನ ಮೇಲಿಟ್ಟುಕೊಂಡು ನೋಡಿದೆ, ತೂಗಿದೆ, ಚಿತ್ರ ಬರೆದುಕೊಂಡೆ. ಆಮೇಲೆ ಇಬ್ಬರೂ ಕುಳಿತು ಜಿಲ್ಲಾಧಿಕಾರಿಯವರ ಹೆಸರಿಗೆ ಅರ್ಜಿ ಬರೆದೆವು. ಮರುದಿನ ಅವನೊಡನೆ ಹೋಗಿ ಮೂರನ್ನೂ ಒಪ್ಪಿಸಿ ಸ್ವೀಕೃತಿ ಪಡೆದು ಬಂದೆ.

ಆನೆಯ ನಾಣ್ಯ ನನ್ನ ಪುಸ್ತಕದ 64ನೆಯ ಪುಟದಲ್ಲಿದೆ. ತೂಕ 3.41 ಗ್ರಾಂ. ಕೊಂಡ ಬೆಲೆ ಎಂಬಲ್ಲಿ ಅಡ್ಡಗೆರೆ ಎಳೆದಿದ್ದೇನೆ. ಯಾರಿಂದ ಎಂಬಲ್ಲಿ ಆ ಹೊಲದ ಸರ್ವೆ ನಂಬರ್ ಇದೆ.